ಸಿಡಿಯದ ಏಳನೇ ಬಂದೂಕು

ಆ ಚಳಿಗಾಲ ತೋಳಗಳು ಕುರಿದೊಡ್ಡಿಯವರೆಗೂ ಇಳಿದು ಬಂದವು. ಊರ ಹಿರಿಯ ಒರೊಜ್ ಆರು ವರ್ಷದಿಂದ ಬೀಗ ಜಡಿದಿಟ್ಟಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಗಾಡಿಯಲ್ಲಿ ತಂದು ಎಸೆಂಗುಲನ ಕುಲುಮೆಯ ಮುಂದೆ ಇಳಿಸಿದ.

"ಏಳು ಬಂದೂಕಿವೆ. ಸೈನ್ಯದಲ್ಲಿ ಇದೇ ಕೆಲಸ ಮಾಡ್ದೋನು ನೀನೊಬ್ನೇ. ಶುಕ್ರವಾರದೊಳಗೆ ಆಗ್ಬೇಕು."

"ಹಂಗೇ ಪೆಟ್ಟಿಗೇಲಿ ಎಸೆದುಬಿಟ್ರಲ್ಲ ಮಾವ, ನಳಿಗೆ ಒಳಗೆ ಒಂದು ಚಿಂದಿನಾದ್ರೂ ಆಡಿಸಬಾರದಿತ್ತಾ?" ಎಂದ ಎಸೆಂಗುಲ್.

"ಅವತ್ತು ಯಾರಿಗೆ ಬೇಕಿತ್ತು ಅದು?" ಎಂದ ಒರೊಜ್.

ಆರು ವರ್ಷದ ಹಿಂದೆ ತೋಳದ ಬೇಟೆಯಲ್ಲಿ ಯಾರದೋ ಗುಂಡು ತಗುಲಿ ಎಸೆಂಗುಲನ ತಂಗಿ ಝುಮಾಗುಲಳ ಗಂಡ, ಬಂದೂಕಿಲ್ಲದೆ ತೋಳ ಅಟ್ಟಲು ಹೋಗಿದ್ದ ಕುಬಾತ್ ಸತ್ತಿದ್ದ. ಅಂದೇ ಬಂದೂಕುಗಳೆಲ್ಲ ಪೆಟ್ಟಿಗೆ ಸೇರಿದವು. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಊರು ಮಾತ್ರ ಕುಬಾತ್‌ಗೆ ಎಲ್ಲರಿಗಿಂತ ಹತ್ತಿರ, ಒಂದು ಬಂಡೆಯ ಪಕ್ಕ ನಿಂತಿದ್ದ ತಶ್ತಾನನತ್ತ ಬೆರಳು ತೋರಿಸಿತು. "ನಾನು ಗುಂಡೇ ಹಾರಿಸಿಲ್ಲ" ಎಂದು ಅವನು ಕುರಾನಿನ ಮೇಲೆ ಕೈಯಿಟ್ಟ. ಯಾರೂ ನಂಬಲಿಲ್ಲ. ಎಲ್ಲರಿಗಿಂತ ಮೊದಲು ಅವನಿಗೆ ಬೆನ್ನು ತಿರುಗಿಸಿದವನು ಎಸೆಂಗುಲನೇ.

ನಳಿಗೆಗಳ ಒಳಗೆ ಮದ್ದಿನ ಮಸಿ ಕಲ್ಲಿನಂತೆ ಗಟ್ಟಿಯಾಗಿ, ಅದರ ಕೆಳಗೆ ತುಕ್ಕು ಕೂತಿತ್ತು. ಎಸೆಂಗುಲ್ ಕುದಿಯುವ ನೀರು ಹೊಯ್ದ. ಸೀಮೆಎಣ್ಣೆ ತುಂಬಿಸಿ ಬಾಯಿಗೆ ಬಿರಡೆ ಹಾಕಿ ಒಂದಿಡೀ ದಿನ ನಿಲ್ಲಿಸಿದ. ತಂತಿ ಬ್ರಷ್ ಹಾಕಿ ಉಜ್ಜಿ ಉಜ್ಜಿ ಭುಜ ಸೋತಿತು. ಚಿಂದಿಗಳು ಮೊದಲು ಕಾಡಿಗೆಯಂತೆ ಕಪ್ಪಗೆ, ಆಮೇಲೆ ಇಟ್ಟಿಗೆಪುಡಿಯಂತೆ ಕೆಂಪಗೆ ಹೊರಬಂದವು. ಮೂರನೆಯದು ಅವನದೇ, ಅವತ್ತು ಅವನೂ ಹಾರಿಸಿದ್ದ ಬಂದೂಕು. ಅದರಲ್ಲೂ ಅಷ್ಟೇ ಮಸಿ.

ಏಳನೆಯದರ ಬಿರುಕುಬಿಟ್ಟ ಹಿಡಿಗೆ ಹಿತ್ತಾಳೆ ತಂತಿ ಸುತ್ತಿತ್ತು. ಸುತ್ತಿಕೊಟ್ಟವನು ಎಸೆಂಗುಲನೇ. ಬಂದೂಕು ತಶ್ತಾನನದು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮಸಿಯಿಲ್ಲ. ಬೇಟೆಗೆ ಮೊದಲು ಗೋದಾಮಿನಲ್ಲಿಟ್ಟಾಗ ತುಕ್ಕು ಹಿಡಿಯದಂತೆ ತುಂಬಿದ ಹಳದಿ ಗ್ರೀಸು ಹಾಗೇ ಮೇಣದಂತೆ ಒಣಗಿ ಅಂಟಿತ್ತು. ಒಂದೇ ಒಂದು ಗುಂಡು ಹಾರಿದ್ದರೂ ಅದು ಸುಟ್ಟು ಹೋಗಬೇಕಿತ್ತು.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಒಂದು ಸಲ ಹೊಯ್ದರೆ ಗ್ರೀಸು ಕರಗಿ ಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಎಸೆಂಗುಲ್ ಕೆಟಲಿನ ಹಿಡಿಗೆ ಕೈ ಹಾಕಿದ, ಹೊಯ್ಯಲಿಲ್ಲ. ಆಮೇಲೆ ಅದನ್ನು ಒಲೆಯಿಂದಿಳಿಸಿ, ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ತಂಗಿಯ ಮನೆಗೆ ನಡೆದ.

ಝುಮಾಗುಲ್ ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ನೋಡಿದಳು. ಎಸೆಂಗುಲ್ ಹೇಳಿದ್ದನ್ನೆಲ್ಲ ಕೇಳಿದಳು.

"ಹಂಗಾದ್ರೆ ಯಾರು ಅಣ್ಣ?"

"ಉಳಿದ ಆರರಲ್ಲಿ ಒಂದು. ನಂದೂ ಆಗಿರಬಹುದು ತಾಯಿ."

ಅವಳು ಅಳಲಿಲ್ಲ. ತಲೆಗೆ ಶಾಲು ಹೊದ್ದು, "ನಡಿ, ಅವನ ಮನೆಗೆ ಹೋಗೋಣ" ಎಂದಳು.

ತಶ್ತಾನ್ ಬಾಗಿಲು ತೆರೆದು ಇಬ್ಬರನ್ನೂ ನೋಡಿದ. ಕಂಬಳಿ ಬಿಚ್ಚಿದಾಗ ಅವನ ತುಟಿ ಓರೆಯಾಯಿತು.

"ಅವತ್ತು ಬೆಳಗ್ಗೆ ಗ್ರೀಸು ಒರೆಸೋ, ಸೋಮಾರಿ ಅಂತ ನೀನೇ ಬೈದಿದ್ದೆ. ಆಮೇಲೆ ಒರೆಸಿದ್ರಾಯ್ತು ಅಂತ ಬಿಟ್ಟೆ. ಒಂದು ಸಲ ಒಳಗೆ ನೋಡ್ರಪ್ಪಾ ಅಂತ ಎಷ್ಟು ಬೇಡ್ಕೊಂಡೆ!"

"ತಪ್ಪಾಯ್ತು ತಶ್ತಾನ್."

"ನನ್ನ ಹೆಂಡ್ತಿ ಸತ್ತಾಗ ಗೋರಿ ತೋಡೋಕೆ ನಾಲ್ಕೇ ಜನ ಬಂದ್ರು. ಮಂಜುಗಟ್ಟಿದ ನೆಲ. ಸಂಜೆವರೆಗೂ ತೋಡಿದ್ವಿ. ಅದಕ್ಕೆ ನಿನ್ನ ತಪ್ಪಾಯ್ತು ಸಾಕಾಗುತ್ತಾ?"

ತಶ್ತಾನ್ ಝುಮಾಗುಲಳನ್ನು ಮಾತ್ರ ಒಳಗೆ ಕರೆದು ಚಹಾ ಬಗ್ಗಿಸಿದ. "ನೀನು ಊರೆದುರಿಗೆ ಹೇಳು" ಎಂದ ಎಸೆಂಗುಲನಿಗೆ, ಹೊಸ್ತಿಲಲ್ಲೇ ನಿಲ್ಲಿಸಿ.

ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ಎಸೆಂಗುಲ್ ಎಲ್ಲವನ್ನೂ ಹೇಳಿದ, ತನ್ನ ಹೆಸರನ್ನೂ ಬಿಡದೆ. ಬಂದೂಕು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಆಕಾಶಕ್ಕೆ ಹಿಡಿದು ನೋಡಿ ತಲೆ ತಗ್ಗಿಸಿ ಮುಂದಿನವನಿಗೆ ಕೊಟ್ಟರು. ಅವತ್ತು ಬೇಟೆಗೆ ಹೋಗಿದ್ದ ಉಳಿದ ಐವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒರೊಜ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮರುದಿನ ಅವರು ತೋಳದ ಬೇಟೆಗೆ ಹೊರಟಾಗ ತಶ್ತಾನ್ ಜೊತೆಗೆ ಹೋಗಲಿಲ್ಲ. ವಸಂತದಲ್ಲಿ ಊರವರೆಲ್ಲ ಸೇರಿ ಅವನ ಹೆಂಡತಿಯ ಗೋರಿಗೆ ಕಲ್ಲು ಕಟ್ಟಿದರು. ಎಸೆಂಗುಲ್ ಹೊಳೆಯಿಂದ ಕಲ್ಲು ಹೊತ್ತ. ಮೂರನೇ ದಿನ ತಶ್ತಾನ್ ಬಂದು ಅವನು ಎತ್ತುತ್ತಿದ್ದ ಕಲ್ಲಿನ ಇನ್ನೊಂದು ತುದಿಗೆ ಕೈ ಕೊಟ್ಟ.