ಗಿಣ್ಣದ ಬಾಟ್ಲಿ

ಕಲ್ಲಿನಂತೆ ಗಟ್ಟಿಯಾಗಿದ್ದ ಬಾಟ್ಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ಲಗಮಣ್ಣ ಮೈಕ್ರೋವೇವ್ ಓವನ್ನಿಗೆ ಅಂಟಿಸಿದ್ದ ಚೀಟಿಯನ್ನು ಮತ್ತೊಮ್ಮೆ ಓದಿದ. ಐಸು ಬಿಡಿಸಲು ಒತ್ತುವ ಗುಂಡಿ: ಡಿ ಒಂದು ಮಾಂಸ, ಡಿ ಎರಡು ಕೋಳಿ, ಡಿ ಮೂರು ಮೀನು, ಡಿ ನಾಲ್ಕು ಕಾಯಿಪಲ್ಲೆ. ಗಿಣ್ಣದ ಹಾಲು ಎಲ್ಲೂ ಇರಲಿಲ್ಲ. ಇರಲು ಓವನ್ ಮಾಡಿದವರ ಮನೆಯಲ್ಲಿ ಎಮ್ಮೆ ಈದಿತ್ತೇ?

ಬಾಟ್ಲಿ ಬಂದು ಒಂದು ತಾಸಾಗಿತ್ತು. ಕ್ವಾರ್ಟರ್ಸ್ ಗೇಟಿನ ಕಾವಲುಗಾರ ಹೊಳಬಸಪ್ಪ ಕರೆದು ಕೈಗೆ ಕೊಟ್ಟಿದ್ದ. "ನಿಮ್ಮ ಅಣ್ಣಾರು ಹುಲೆಪ್ಪ ಬಂದಿದ್ರು. ಒಳಗ ಹೋಗ್ರಿ ಅಂದ್ರ ಒಲ್ಲೆ ಅಂದ್ರು. ಇದನ್ನ ಕೊಟ್ಟು, ಹಂಗ ಬಸ್ ಹತ್ತಿದ್ರು."

ಮೂರು ವರ್ಷದಲ್ಲಿ ತಿಮ್ಮಾಪುರದ ಮನೆಯಿಂದ ಬಂದ ಮೊದಲ ವಸ್ತು ಅದು. ಅವ್ವ ಸಾಕಿದ್ದ ಎಮ್ಮೆಯ ಮಣಕ ಬೆಳೆದು ಈದಿರಬೇಕು. ಅವರ ಮನೆಯಲ್ಲಿ ಗಿಣ್ಣದ ಮೊದಲ ಪಾಲು ಬೀರದೇವರಿಗೆ, ಆಮೇಲಿನದು ಅಣ್ಣತಮ್ಮಂದಿರಿಗೆ. ಹಾಲು ತಂದ ಪಾತ್ರೆಯನ್ನು ಯಾರೂ ಬರಿದಾಗಿ ತಿರುಗಿಸುವುದಿಲ್ಲ. ಒಂದು ಹಿಡಿ ಜೋಳವನ್ನೋ ಬೆಲ್ಲದ ಚೂರನ್ನೋ ಹಾಕಿ, ಹಾಲು ಉಂಡವನೇ ಒಯ್ದು ಕೊಡಬೇಕು. ಅವ್ವ ಇದ್ದಾಗ ಹಿತ್ತಾಳೆಯ ತಂಬಿಗೆ ಹೀಗೆ ಬಂದು ಹೋಗಿ ಮಾಡುತ್ತಿತ್ತು. ಈಗ ಬಂದದ್ದು ಕುಡಿದು ಬಿಸಾಡುವ ಪ್ಲಾಸ್ಟಿಕ್ ಬಾಟ್ಲಿ. ಪಾಲು ನಿನ್ನದು, ತಗೋ. ತಿರುಗಿ ಕೊಡುವ ನೆಪದಲ್ಲಿ ಮಾತ್ರ ಬರಬೇಡ. ಗೇಟಿನಿಂದ ಮನೆ ಮುಟ್ಟುವಷ್ಟರಲ್ಲಿ ಲಗಮಣ್ಣ ಅಣ್ಣನ ಮನಸ್ಸನ್ನು ಹೀಗೆ ಓದಿ ಮುಗಿಸಿದ್ದ. 

ಬಿಸಾಡುವ ಬಾಟ್ಲಿಗೆ ಯಾವ ಮುಲಾಜು? ಚಾಕು ತಂದು ನಡುವೆ ಕೊಯ್ದ. ಹಳದಿ ಬಣ್ಣದ ಹಾಲಿನ ಗಡ್ಡೆಯನ್ನು ಗಾಜಿನ ಬೋಗುಣಿಗೆ ಹಾಕಿ, ಒಳಗಿಟ್ಟು ಬಾಗಿಲು ಮುಚ್ಚಿದ. ಮಾಂಸವೂ ಹಾಲೂ ಒಂದೇ ಪ್ರಾಣಿಯದಲ್ಲವೇ ಎಂದು ಡಿ ಒಂದು ಒತ್ತಿ, ತೂಕ ಒಂದು ಕೇಜಿ ಎಂದು ತುಂಬಿದ. ಬೆಲ್ಲ, ಯಾಲಕ್ಕಿ ಆಮೇಲೆ ತಂದರಾಯಿತು. ಗಾಜಿನ ತಟ್ಟೆ ಗುಂಯ್ ಎನ್ನುತ್ತ ತಿರುಗತೊಡಗಿತು.

ಇಪ್ಪತ್ತೈದು ವರ್ಷ ಚಾಕರಿ ಮಾಡಿದ್ದಕ್ಕೆ ನೌಕರರ ಸಂಘದವರು ಕೊಟ್ಟ ಓವನ್ ಅದು. ಪಕ್ಕದ ಮನೆಯ ಟೀಚರ್ ರಂಜನಾ ಪುಸ್ತಕ ಓದಿ, ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದಳು. ಲಗ್ನದ ಗೊಡವೆಗೆ ಹೋಗದೆ ಐವತ್ತು ದಾಟಿದ್ದ ಲಗಮಣ್ಣನಿಗೆ ಒಂದು ಗುಂಡಿ ಒತ್ತಿದರೆ ಅನ್ನ, ಇನ್ನೊಂದು ಒತ್ತಿದರೆ ಬ್ಯಾಳಿ. ಒಂದೇ ಕಿರಿಕಿರಿ. ಅನ್ನದ ಗುಂಡಿ ಒತ್ತಿದಾಗಲೆಲ್ಲ ಅದು ನಾಲ್ಕು ಮಂದಿಗೆ ಎಂದು ತೋರಿಸುತ್ತಿತ್ತು. ಇವನು ಮೂರು ಸಲ ಕೆಳಗಿನ ಗುಂಡಿ ಒತ್ತಿ ಒಂದಕ್ಕೆ ಇಳಿಸಬೇಕು. ನಿನ್ನೆ ಇಳಿಸಿದ್ದನ್ನು ಇವತ್ತು ನೆನಪಿಟ್ಟುಕೊಳ್ಳುವಷ್ಟು ಬುದ್ಧಿ ಅದಕ್ಕೆ ಇರಲಿಲ್ಲ. ದಿನಾ ಅದರೆದುರು ತಾನು ಒಬ್ಬನೇ ಎಂದು ಹೇಳಿಕೊಳ್ಳುವುದು ಅವನಿಗೆ ಬೇಸರದ ಕೆಲಸವಾಗಿತ್ತು.

ಸಕ್ಕರೆ ಕಾರ್ಖಾನೆಯಲ್ಲಿ ಅವನ ಗತ್ತೇ ಬೇರೆ. ಸಮೀರವಾಡಿಯಲ್ಲಿ ಪಾಕ ಕುದಿಸುವ ಪ್ಯಾನ್ ನೋಡುವ ಕೆಲಸ. ಕುದಿಯುವ ಪಾಕದ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಸಕ್ಕರೆ ಹರಳು ಕಟ್ಟುವ ಗಳಿಗೆಯನ್ನು ಹೇಳುತ್ತಿದ್ದ. ಗೇಜು ತಪ್ಪಿದರೂ ಲಗಮಣ್ಣನ ಬೆರಳು ತಪ್ಪದು ಎಂದು ಸಾಹೇಬರೇ ಹೇಳುತ್ತಿದ್ದರು. ಆ ಮಾತು ಅವನ ತಲೆಗೆ ಸ್ವಲ್ಪ ಏರಿತ್ತು ಕೂಡ.

ಮೂರು ವರ್ಷದ ಹಿಂದೆ ಅವ್ವ ತೀರಿದ ಸುದ್ದಿ ಬಂದಾಗಲೂ ಅವನು ಪ್ಯಾನಿನ ಮುಂದೆಯೇ ಇದ್ದ. ಹರಳು ಕಟ್ಟುವ ಹೊತ್ತು. ಸಹಾಯಕ ಯಲ್ಲಾಲಿಂಗ, "ನಾ ನೋಡ್ಕೋತೇನ್ರಿ ಕಾಕಾ, ನೀವು ನಡೀರಿ" ಎಂದಿದ್ದ. ಇವನು ಕದಲಲಿಲ್ಲ. ಯಾರೂ ತಡೆದಿರಲಿಲ್ಲ, ಯಾರೂ ಬೇಡ ಅಂದಿರಲಿಲ್ಲ. ಪಾಕ ಕೆಟ್ಟೀತು ಎಂದು ತಾನೇ ನಿಂತ. ಪ್ಯಾನಿನ ಪಾಕ ಇಳಿಸಿ ತಿಮ್ಮಾಪುರ ಮುಟ್ಟಿದಾಗ ಮಂದಿ ಮಣ್ಣು ಕೊಟ್ಟು, ಕೈಕಾಲು ತೊಳೆಯುತ್ತಿದ್ದರು. ಅಣ್ಣ ಬೈಯಲಿಲ್ಲ, ಅಳಲಿಲ್ಲ. "ಸಕ್ಕರಿ ಆತೇನಪಾ?" ಎಂದು ಕೇಳಿ ಒಳಗೆ ಹೋಗಿಬಿಟ್ಟ. ಅವತ್ತಿನಿಂದ ಲಗಮಣ್ಣ ಆ ಹೊಸ್ತಿಲು ತುಳಿದಿರಲಿಲ್ಲ.

ಓವನ್ ನಡುವೆ ಒಮ್ಮೆ ನಿಂತು ಕೂಗಿತು. ಗಡ್ಡೆಯನ್ನು ಮಗ್ಗಲು ತಿರುವಿ ಹಾಕು ಎಂದು ಅದು ಕೇಳುವುದನ್ನು ರಂಜನಾ ಬರೆಯಲು ಮರೆತಿದ್ದಳೋ ಏನೋ, ಅವನು ಕುಳಿತಲ್ಲಿಂದ ಕೈಚಾಚಿ ಮತ್ತೆ ಸ್ಟಾರ್ಟ್ ಒತ್ತಿದ. ಕೊನೆಗೆ ಬಾಗಿಲು ತೆಗೆದರೆ ಬೋಗುಣಿಯ ಅಂಚಿನ ಸುತ್ತ ಹಾಲು ಬೆಂದು ರಬ್ಬರಿನಂತೆ ಗಟ್ಟಿಯಾಗಿತ್ತು, ನಡುವೆ ಇನ್ನೂ ಐಸಿನ ಗಡ್ಡೆ, ಸುತ್ತಲೂ ಒಡೆದ ನೀರು. ಚಮಚದಲ್ಲಿ ಒಂದು ತುಣುಕು ಬಾಯಿಗಿಟ್ಟ. ಬೆಲ್ಲ ಕಾಣದ ಗಿಣ್ಣ, ಸಪ್ಪಗೆ. ಜಗತ್ತಿನ ಪಾಕವನ್ನೆಲ್ಲ ಮುಟ್ಟಿ ನೋಡಿದವನು ಇದಕ್ಕೆ ಒಂದು ಸಲ ಬೆರಳು ಅದ್ದಿ ನೋಡಿರಲಿಲ್ಲ. ಅವನಿಗೆ ಅಳು ಬಂತು.

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಅತ್ತಿಗೆ ಸೋಮವ್ವ.

"ಲಗಮಣ್ಣ, ಗಿಣ್ಣ ಆತೇನೋ?"

ಮೂರು ವರ್ಷದ ಮೇಲೆ ಕೇಳಿದ ದನಿ. ಆತು ಎಂದು ಸುಳ್ಳು ಹೇಳಲು ಬಾಯಿ ತೆರೆದವನು ಬೋಗುಣಿಯತ್ತ ನೋಡಿದ. "ಇಲ್ಲರಿ ವೈನಿ. ಕೆಡಿಸಿಬಿಟ್ನಿ."

 ಸೋಮವ್ವ ಫೋನ್ ದೂರ ಹಿಡಿದು ಯಾರಿಗೋ, "ಕೆಟ್ಟೇತಂತ ನೋಡ್ರಿ" ಎಂದಳು.

"ಕೆಟ್ರ ಕೆಡ್ಲಿ ಬಿಡ." ಅಣ್ಣನ ದನಿ. "ಹಾಲಿನ ಬಾಟ್ಲಿ ತಂದ ಕೊಡಾಕ ಹೇಳ ಅವಗ."

"ಕೇಳಿದಿಲ್ಲ?" ಎಂದಳು ಸೋಮವ್ವ. "ನಿಂಗ ಯಾವ ಪಾಳಿ ಅಂತ ಗೊತ್ತಾಗವಲ್ದು ಅಂತ ನಾಕ ದಿನ ಜಕ್ಕಪ್ಪನ ಅಂಗಡಿ ಫ್ರಿಜ್ಜಿನಾಗ ಇಡಿಸಿದ್ರು. ತಂಬಗಿ ಐಸಿನ ಖಾನ್ಯಾಗ ಹಿಡೀಲಿಲ್ಲ, ಅದಕ್ಕ ಬಾಟ್ಲ್ಯಾಗ ಹಾಕಿದ್ವಿ. ಒಗೀಬ್ಯಾಡ ಮತ್ತ."

ಫೋನ್ ಇಟ್ಟು ಲಗಮಣ್ಣ ಕಟ್ಟೆಯ ಮೇಲಿದ್ದ ಬಾಟ್ಲಿಯ ಎರಡು ತುಂಡುಗಳನ್ನು ನೋಡಿದ. ಬರಿದಾಗಿ ಒಯ್ಯುವಂತಿಲ್ಲ. ಡಬ್ಬಿಗಳನ್ನೆಲ್ಲ ತೆರೆದ. ಜೋಳವಿಲ್ಲ, ಬೆಲ್ಲವಿಲ್ಲ. ಇದ್ದದ್ದು ಸಕ್ಕರೆಯೊಂದೇ. ಅಣ್ಣ ಅವತ್ತು ಆಡಿದ ಮಾತು ನೆನೆದು, ಬೇರೆ ಏನಾದರೂ ಆಗಿದ್ದರೆ ಎಂದು ಬಹಳ ಹೊತ್ತು ನಿಂತ. ಆಮೇಲೆ ಕೆಳಗಿನ ತುಂಡಿಗೆ ಸಕ್ಕರೆ ತುಂಬಿ, ಮೇಲಿನದನ್ನು ಅದರ ಮೇಲೆ ಒತ್ತಿ ಕೂಡಿಸಿ, ಸುತ್ತ ದಾರ ಬಿಗಿದ.

ನಾಲ್ಕಕ್ಕೆ ಪಾಳಿ. ಯಲ್ಲಾಲಿಂಗನಿಗೆ ಫೋನ್ ಮಾಡಿದ. "ಇವತ್ತ ಪ್ಯಾನ್ ನೀನ ನೋಡ್ಕೋ."

"ನಾನ? ಕಾಕಾ, ಏನರ ಹೆಚ್ಚು ಕಡಿಮಿ ಆದ್ರ?"

"ಆದ್ರ ಆಗ್ಲಿ. ಬೆರಳಿಟ್ಟು ನೋಡ, ಗೊತ್ತಾಗ್ತೈತಿ."

ಬಸ್ಸಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟುವಾಗಲೆಲ್ಲ ಮೈ ಅತ್ತಿತ್ತ ವಾಲುತ್ತಿತ್ತು. ಟಿಕೆಟ್ ಎಂದು ಕಂಡಕ್ಟರ್ ಬಂದ. "ತಿಮ್ಮಾಪುರ" ಎಂದ ಲಗಮಣ್ಣ, ಬಾಟ್ಲಿ ಹಿಡಿದ ಕೈ ಮಾತ್ರ ಬಿಡಲಿಲ್ಲ. ಜೇಬಿನತ್ತ ಗದ್ದ ತೋರಿಸಿದ. ಕಂಡಕ್ಟರ್ ತಾನೇ ನೋಟು ತೆಗೆದುಕೊಂಡು, ಚೀಟಿ ಚಿಲ್ಲರೆಯನ್ನು ಅದೇ ಜೇಬಿಗೆ ತುರುಕಿ ಮುಂದೆ ಹೋದ. ಬಸ್ಸು ಕುಲುಕಿದಾಗಲೆಲ್ಲ ಬಾಟ್ಲಿ ಕೊಯ್ದ ಜಾಗದಿಂದ ನಾಲ್ಕು ಹರಳು ಉದುರುತ್ತಿದ್ದವು. ಹೆಬ್ಬೆರಳು ತೋರುಬೆರಳಿನಿಂದ ಆ ಸಂದನ್ನು ಒತ್ತಿ ಹಿಡಿದುಕೊಂಡು ಅವನು ಕುಳಿತಿದ್ದ.