ಮುರ್ಗಾ ಕೊಟ್ಟ ಉಂಗುರ

ರೊಡೋಪಿ ಬೆಟ್ಟದ ಆ ಹಳ್ಳಿಗೆ ಡಾಕ್ಟರ್ ನೆವೆನಾ ಬರುವುದು ಮಂಗಳವಾರ ಮಾತ್ರ. ವೆಲಿಕಾ ತೋಳು ಚಾಚಿ ಅವಳೆದುರು ಕೂತಾಗ ಮನಸ್ಸೆಲ್ಲ ಇದ್ದದ್ದು ತುರಿಕೆಯ ಮೇಲಲ್ಲ, ಕರುವಿನ ಮೇಲೆ. ಬರುವ ಶನಿವಾರ ಗಂಡ ಸ್ಪಾಸ್ ಆ ಕರು ಮುರ್ಗಾಳನ್ನು ಮಾರಲು ಸಂತೆಗೆ ಹೊಡೆದುಕೊಂಡು ಹೋಗುವವನಿದ್ದ. ಮೂರನೆಯ ದನಕ್ಕೂ ಹುಲ್ಲು ಕೊಯ್ಯುವ ಕಸುವು ತನ್ನ ಸೊಂಟಕ್ಕಿಲ್ಲ ಎಂದು ತಿಂಗಳಿಂದ ಅವನದು ಒಂದೇ ರಾಗ. ತಾಯಿ ಒದ್ದು ದೂಡಿದ ಆ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ವೆಲಿಕಾ. ಮಾರುವ ಮಾತೆತ್ತಿದರೆ ಅವಳು ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು.

ಡಾಕ್ಟರ್ ತೋಳನ್ನು ಬೆಳಕಿಗೆ ಹಿಡಿದಳು. ದುಂಡನೆಯ ಕೆಂಪು ಉಂಗುರ. ಅಂಚು ಉಬ್ಬಿ ಹೊಟ್ಟು ಎದ್ದಿದೆ, ನಡುವೆ ಚರ್ಮ ತಿಳಿಯಾಗಿದೆ. ಮನೆಯಲ್ಲಿ ಯಾವ ಪ್ರಾಣಿಗಾದರೂ ಕೂದಲು ಉದುರಿದೆಯೇ ಎಂದು ಕೇಳಿದಳು. ಮುರ್ಗಾಳ ಕಣ್ಣ ಸುತ್ತ ಬೂದು ಹಕ್ಕಳೆ ಕಟ್ಟಿದ್ದನ್ನು ವೆಲಿಕಾ ಒಪ್ಪಿಕೊಳ್ಳಲೇಬೇಕಾಯಿತು.

"ಹುಳುಕಡ್ಡಿ, ಅಮ್ಮ. ಹೆಸರಿಗೆ ಹುಳ, ನಿಜಕ್ಕೆ ಬೂಷ್ಟು. ಕರುವಿಂದ ಅಂಟಿದೆ."

ಅದನ್ನು ತಬ್ಬಬೇಡ ಎಂದು ಎಷ್ಟು ಬಡಿದುಕೊಂಡೆ ಎಂದು ಬಾಗಿಲಲ್ಲಿ ನಿಂತ ಸ್ಪಾಸ್ ಗೊಣಗಿದ. ಜೂನ್ ತಿಂಗಳ ಬಿಸಿಲಲ್ಲೂ ಅವನ ಕುತ್ತಿಗೆಗೆ ಉಣ್ಣೆಯ ಮಫ್ಲರ್. ಡಾಕ್ಟರ್ ಬಿಚ್ಚಲು ಹೇಳಿದಳು. ನೆಗಡಿ ಎಂದ. ವೆಲಿಕಾಳೇ ಎದ್ದು ಎಳೆದಳು.

ಕಿವಿಯ ಕೆಳಗಿಂದ ಹೆಗಲ ತನಕ ಮೂರು ಉಂಗುರ. ತಬ್ಬಿಕೊಂಡರೆ ಕರು ತಲೆಯಿಟ್ಟು ಮಲಗುವ ಜಾಗ ಅದು ಎಂಬುದು ವೆಲಿಕಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾಲದ್ದಕ್ಕೆ ಅವಳ ಇಸುಬಿನ ಮುಲಾಮನ್ನು ಕದ್ದು ಹಚ್ಚಿಕೊಂಡಿದ್ದನಂತೆ. ಅದು ತುರಿಕೆ ತಗ್ಗಿಸುತ್ತದೆ, ಬೂಷ್ಟನ್ನು ಮಾತ್ರ ಹಬ್ಬಿಸುತ್ತದೆ ಎಂದು ಡಾಕ್ಟರ್ ಗದರಿದಳು. ಸ್ಪಾಸ್ ಬೂಟು ನೋಡುತ್ತ ನಿಂತ. ವೆಲಿಕಾಗೆ ನಗು, ಅದರ ಹಿಂದೆಯೇ ಅವನ ಮೇಲೆ ಅಕ್ಕರೆ ಉಕ್ಕಿತು.

ಡಾಕ್ಟರ್ ಬೇರೆ ಮುಲಾಮು ಬರೆದಳು. ದಿನಕ್ಕೆರಡು ಸಲ, ಉಂಗುರದಾಚೆಗೂ ಎರಡು ಬೆರಳಗಲ ಹಚ್ಚಬೇಕು. ಮಾಸಿದ ಮೇಲೂ ಇನ್ನೆರಡು ವಾರ ಬಿಡಬಾರದು. ಬಟ್ಟೆಬರೆ ಬಿಸಿನೀರಲ್ಲಿ ಒಗೆಯಬೇಕು, ಟವೆಲ್ ಬೇರೆಬೇರೆ ಇರಬೇಕು. ಕರುವನ್ನು ದನದ ಡಾಕ್ಟರಿಗೆ ತೋರಿಸಿ, ವಾಸಿಯಾಗುವ ತನಕ ಸಂತೆಯ ಮಾತೆತ್ತಬೇಡಿ ಎಂದಳು.

ಸೆಪ್ಟೆಂಬರ್ ಹೊತ್ತಿಗೆ ಇಬ್ಬರ ಚರ್ಮವೂ ತಿಳಿಯಾಗಿ, ಮುರ್ಗಾಳ ಕಣ್ಣ ಸುತ್ತ ಹೊಸ ಕೂದಲು ಮಿರುಗಿತು. ಒಂದು ಸಂತೆಯ ಶನಿವಾರ ಬೆಳಿಗ್ಗೆ ವೆಲಿಕಾ, ಗಂಡನ ಸೊಂಟವನ್ನು ನೆನೆದು, ತಾನೇ ಹಗ್ಗ ತಂದು ಅವನ ಕೈಗಿತ್ತಳು. ಅವನು ಕರುವಿನ ಮುಖವನ್ನು ಬಹಳ ಹೊತ್ತು ಸವರಿದ.

"ಮಾಸಿದ್ಮೇಲೂ ಎರಡು ವಾರ ಅಂದಿಲ್ವೇನೆ ಡಾಕ್ಟರು?"

"ಅದು ಮುಗಿದು ತಿಂಗಳಾಯ್ತಲ್ಲ ರೀ."

"ನಂಗಿನ್ನೂ ಮುಗಿದಂಗಿಲ್ಲ," ಎಂದ ಸ್ಪಾಸ್, ಹಗ್ಗವನ್ನು ಮೊಳೆಗೆ ಸಿಕ್ಕಿಸಿ, ಸೊಂಟ ಹಿಡಿದುಕೊಂಡೇ ಕುಡುಗೋಲು ಎತ್ತಿಕೊಂಡು ಹುಲ್ಲಿಗೆ ಹೊರಟ.