ಬ್ರೋಚಿನ ಬೆನ್ನು

"ಕೂತ್ಕೊಳ್ಳೋಕೆ ಏನಾದ್ರೂ ಹಾಕು ಅಂತ ಹೇಳು ಅವನಿಗೆ," ಎಂದರು ಅಹಲ್ಯಮ್ಮ.

"ಇಲ್ಲೆಲ್ಲ ಕೊಟ್ಟು ಹೋಗ್ತಾರಮ್ಮ," ಎಂದಳು ಮಗಳು ದಾಕ್ಷಾಯಣಿ. " ಮುಂದಿನ ವಾರ ಬಂದ್ರಾಯ್ತು."

"ಕೊಟ್ಟು ಹೋಗೋಕೆ ಇದೇನು ಡ್ರೈಕ್ಲೀನಿಂಗಾ? ಒಡವೆ ಮುರಿಯೋವಾಗ ಮನೆಯವರು ಎದುರಿಗೆ ಕೂತಿರಬೇಕು."

ಬರ್ಮಿಂಗ್‌ಹ್ಯಾಮಿನ ಅಕ್ಕಸಾಲಿಗರ ಕೇರಿಯಾದ ಜ್ಯುವೆಲರಿ ಕ್ವಾರ್ಟರಿನಲ್ಲಿ ಕಲ್ಲು ಕೂರಿಸುವ ಕೀತ್, ಭಾಷೆ ತಿಳಿಯದಿದ್ದರೂ ಅರ್ಥ ಹಿಡಿದು ಸ್ಟೂಲೊಂದನ್ನು ಎಳೆದುಕೊಟ್ಟನು.

ಮಗಳ ಮದುವೆಗೆ ತಾಯಿಯ ವಜ್ರವನ್ನೇ ಬಿಚ್ಚಿಸಿ ಓಲೆ ಮಾಡಿಸುವುದು ಆ ಮನೆತನದ ಪದ್ಧತಿ. ಅಹಲ್ಯಮ್ಮನವರ ಕೊರಳಿನ ಅಡ್ಡಿಕೆ ಮುರಿದು ಡಾಕ್ಟರ್ ದಾಕ್ಷಾಯಣಿಗೆ ಓಲೆಯಾಗಿತ್ತು. ಈಗ ದಾಕ್ಷಾಯಣಿಯ ಮಗಳು ತನ್ವಿಯ ಸರದಿ. ಮುತ್ತೈದೆಯ ಕಿವಿಯ ಓಲೆ ಮುಟ್ಟುವಂತಿರಲಿಲ್ಲವಾದ್ದರಿಂದ ಉಳಿದದ್ದು ವಜ್ರದ ಈ ಬ್ರೋಚ್ ಒಂದೇ. ಎಜ್‌ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್ ಆದ ವರ್ಷ, ದಾಕ್ಷಾಯಣಿ ಗಂಡನನ್ನೂ ಕೇಳದೆ ಅದನ್ನು ಹರಾಜಿನಲ್ಲಿ ಕೊಂಡು, ಅಂದೇ ಕೋಟಿಗೆ ಸಿಗಿಸಿಕೊಂಡಿದ್ದಳು. ಅದನ್ನು ಮುರಿಸಲು ಅವಳಿಗೆ ಮನಸ್ಸಿರಲಿಲ್ಲ. ಒಂದು ಮಾತೂ ಆಡದೆ ತನ್ನದನ್ನು ಮುರಿಸಿಕೊಟ್ಟಿದ್ದ ತಾಯಿಯೆದುರು ಹಾಗೆ ಹೇಳಲು ಬಾಯಿಯೂ ಇರಲಿಲ್ಲ.

ಕೀತ್ ಭೂತಗನ್ನಡಿ ಹಿಡಿದು ನೋಡಿದನು. "ಎರಡು ಮಹಾಯುದ್ಧಗಳ ನಡುವಿನ ಕಾಲದ ಕೆಲಸ. ಪ್ಲಾಟಿನಂ. ಕಲ್ಲು ಬಿಡಿಸಬೇಕಾದರೆ ಗರಗಸ ಹಾಕಬೇಕು. ಆಮೇಲೆ ಮತ್ತೆ ಕೂಡಿಸಲಾಗುವುದಿಲ್ಲ. ಹಾಕಲೇ?"

"ಹಾಕಿ," ಎಂದು ದಾಕ್ಷಾಯಣಿ ಕಿಟಕಿಯತ್ತ ತಿರುಗಿದಳು.

"ಏನಂದ?"

"ಶುರು ಮಾಡ್ಲಾ ಅಂತ."

"ತಡೀಪ್ಪ. ಹಿಂದುಗಡೆ ನೋಡ್ಬೇಕು."

ಕೊಳ್ಳುವಾಗಲೂ ಮುರಿಸುವಾಗಲೂ ಒಡವೆಯನ್ನು ಮಗುಚಿ ನೋಡುವುದು ಮೈಸೂರಿನಲ್ಲಿ ಅಹಲ್ಯಮ್ಮನವರಿಗೆ ರೂಢಿಯಾಗಿತ್ತು. ಮುಂಬದಿಯನ್ನು ಯಾರಾದರೂ ಚೆಂದ ಮಾಡಿಯಾರು ಎಂಬುದು ಅವರ ವಾದ. ಈ ಪ್ರಸಂಗವನ್ನು ಮನೆಯಲ್ಲಿ ಹೇಳುವವರು ಇಲ್ಲಿ ಕೊಂಚ ತಡೆಯುತ್ತಾರೆ. ಅವರು ಮಗುಚಿದ ಬ್ರೋಚಿನಲ್ಲಿ ಒಂದೊಂದು ಕಲ್ಲಿನ ಬೆನ್ನಿಗೂ ಒಂದೊಂದು ಕಿಂಡಿ; ಚೌಕದ ಕಲ್ಲಿಗೆ ಚೌಕ, ದುಂಡನೆಯದಕ್ಕೆ ಜೇನುಗೂಡಿನ ಕಣ್ಣಿನಂಥದು. ಬಟ್ಟೆಗೆ ಒತ್ತಿಕೊಂಡು ಯಾರಿಗೂ ಕಾಣದೆ ಹೋಗುವ ಆ ಅಂಚುಗಳಲ್ಲಿ ಅರದ ಒಂದು ಗೀರೂ ಇರಲಿಲ್ಲ.

"ದಾಕ್ಷೀ, ಇದರ ಬೆನ್ನು ನೋಡಿದೀಯಾ?"

"ಕೊಂಡಾಗಿಂದ ನೋಡ್ತಾನೇ ಇದೀನಿ."

"ಮತ್ತೆ ಬಾಯಿ ಬಿಡ್ಲಿಲ್ಲ?"

"ಅಡ್ಡಿಕೆ ಮುರಿಸಿದಾಗ ನೀನು ಬಿಟ್ಯಾ?"

ಅಹಲ್ಯಮ್ಮ ಹೆಬ್ಬೆರಳಿನಿಂದ ಕಿಂಡಿಗಳ ಅಂಚು ಸವರಿದರು. "ಅದರ ಬೆನ್ನಿಗೆ ಬರೀ ಅರಗು ಮೆತ್ತಿತ್ತು ಕಣೇ. ಮುರಿಸಿದ್ದೇ ವಾಸಿ."

"ತನ್ವಿ ಓಲೆಗೆ?"

"ಅವಳಪ್ಪ ಜಿಪಿ ಡಾಕ್ಟರಾಗಿ ಏನ್ಮಾಡ್ತಿದಾನೆ? ಹೊಸ ಕಲ್ಲು ತರ್ಲಿ."

"ಪದ್ಧತಿ ನಿಂತ್ಹೋಗುತ್ತಲ್ಲಮ್ಮ."

"ನಿಲ್ಸಿದೋಳು ಅಹಲ್ಯಾ ಅಂತ ಹೇಳ್ಕೊಳ್ಳಲಿ."

ಮಾತನ್ನು ದಾಕ್ಷಾಯಣಿ ಇಂಗ್ಲಿಷಿಗೆ ತಿರುಗಿಸುವ ಮೊದಲೇ ಕೀತ್ ಗರಗಸವನ್ನು ಮೊಳೆಗೆ ತೂಗುಹಾಕಿದ್ದನು. "ಈ ಬೀದಿಯದೇ ಯಾರದೋ ಕೈ ಇದ್ದೀತು," ಎಂದನು. ತನ್ನ ಮನೆಯವರ ಬಗ್ಗೆ ಮಾತಾಡುವ ಧಾಟಿಯಲ್ಲಿ.

ಹಿಂದಿರುಗುವ ರೈಲಿನಲ್ಲಿ ಅಹಲ್ಯಮ್ಮ ಬ್ರೋಚನ್ನು ಮಗಳಿಗೆ ಕೊಡಲೇ ಇಲ್ಲ. ಬೆನ್ನು ಮೇಲಾಗಿ ಅಂಗೈಯಲ್ಲಿಟ್ಟು, ಎದುರು ಸೀಟಿನ ಅಪರಿಚಿತ ಮುದುಕಿಯತ್ತ ಕೈ ಚಾಚಿದರು. ಆಕೆ ಚೀಲದಲ್ಲಿ ತಡಕಾಡಿ ಕನ್ನಡಕ ತೆಗೆದು, ಹಾಕಿಕೊಂಡು, ಮುಂದಕ್ಕೆ ಬಾಗಿದಳು.